ಗುಂಡಿಗೊಂದು ಹಾವುಗೆ



ಮಗಳ ಬಾಣಂತನದ ನಿಮಿತ್ತ ನಾವಿಬ್ಬರೂ ಅಮೆರಿಕಕ್ಕೆ ಹೋಗಿ ಬಂದದ್ದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಹಿಂದಿರುಗಿದ ಮೇಲೆ ಮನೆಗೆ ಬಂದವರೆಲ್ಲರೂ ಕೇಳಿದ ಪ್ರಶ್ನೆ ಒಂದೇ: "ಸರ್, ಅಲ್ಲಿ ಏನೇನು ನೋಡಿದಿರಿ?" ನಯಾಗರಾ ನೋಡಿದೆ, ಹಿಮ ಬೀಳುವುದನ್ನು ನೋಡಿದೆ ಎಂದು ಹೇಳಿ ಎಲ್ಲರನ್ನೂ ಸಮಾಧಾನಪಡಿಸಿದ್ದೇನೆ. ಆದರೆ ಅಲ್ಲಿಂದ ನಾನು ತಂದ ಒಂದು ವಸ್ತುವಿನ ವಿಷಯವನ್ನು ಈವರೆಗೆ ಯಾರಲ್ಲಿಯೂ ಹೇಳಿಲ್ಲ. ಅದು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿ, ಹಳೆಯ ಕನ್ನಡಕದ ಡಬ್ಬಿಯೊಳಗೆ ಇದೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡ, ನಾಲ್ಕು ಎಸಳುಗಳಾಗಿ ಸೀಳಿದ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಬಟ್ಟಲು. ಅಂಗೈಯಲ್ಲಿಟ್ಟರೆ ತೂಕವೇ ತಿಳಿಯುವುದಿಲ್ಲ. ಅದರ ಹೆಸರು ಸಾಬೋ. ಅದನ್ನು ಕುರಿತು ಬರೆಯಲು ಹೊರಟರೆ, ಅರುವತ್ತೈದು ವರ್ಷಗಳಿಂದ ಯಾರಿಗೂ ಹೇಳದ ಇನ್ನೊಂದು ಸಂಗತಿಯನ್ನೂ ಬರೆಯಬೇಕಾಗುತ್ತದೆ. ಆದ್ದರಿಂದಲೇ ಇಷ್ಟು ತಡವಾಯಿತು.

ಮಗಳು ಅಳಿಯ ಇರುವುದು ಒಹಾಯೊ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ. ನಾವು ಹೋದದ್ದು 2023ರ ನವೆಂಬರಿನಲ್ಲಿ. ಹೆಂಡತಿಗೆ ಮೊಮ್ಮಗನ ಆರೈಕೆಯಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನನಗೆ ಮಾತ್ರ ಕೆಲಸವಿಲ್ಲ. ಪಕ್ಕದ ಮನೆಯಲ್ಲಿ ನನ್ನ ಓರಗೆಯ ಹಿರಿಯರೊಬ್ಬರಿದ್ದರು. ಅವರೂ ನಿವೃತ್ತ ಉಪಾಧ್ಯಾಯರು. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಮರಗೆಲಸ, ಲೋಹದ ಕೆಲಸಗಳನ್ನು ಕಲಿಸಿದವರು. ನಾನೂ ಉಪಾಧ್ಯಾಯನಾಗಿದ್ದೆನೆಂದು ತಿಳಿದ ದಿನದಿಂದ ನನ್ನನ್ನು "ಟೀಚರ್" ಎಂದೇ ಕರೆಯತೊಡಗಿದರು. ಅವರ ಗ್ಯಾರೇಜು ಅಕ್ಷರಶಃ ಒಂದು ಪ್ರಯೋಗಶಾಲೆ. ಒಂದೊಂದು ಉಳಿಗೂ ಒಂದೊಂದು ಸ್ಥಾನ, ಒಂದೊಂದು ಡಬ್ಬಿಗೂ ಹೆಸರುಪಟ್ಟಿ. ಅಲ್ಲಿ ಗೋಡೆಯ ಕಪಾಟಿನೊಳಗೆ ಅವರ ಕೋವಿಯಿತ್ತು. ಅದನ್ನು ಹೊರತೆಗೆದು ಶುಚಿಗೊಳಿಸುತ್ತಿದ್ದುದನ್ನು ಕಂಡು ನಾನು ಬೆರಗಾದೆ. ಏಕೆಂದರೆ ಅದು ನಮ್ಮ ಮಲೆನಾಡಿನ ಕೇಪಿನ ಕೋವಿಯ ಕುಲಕ್ಕೆ ಸೇರಿದ್ದು. ಹಿಂದಿನಿಂದ ತೋಟೆ ಹಾಕುವುದಲ್ಲ, ನಳಿಗೆಯ ಬಾಯಿಂದ ಮದ್ದು ಸುರಿದು ಗುಂಡು ಜಡಿಯುವಂಥದು!

"ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ ಇದೇಕೆ?" ಎಂದು ಕೇಳಿದೆ. ಅವರು ನಕ್ಕು ವಿವರಿಸಿದರು. ಒಹಾಯೊದಲ್ಲಿ ಜಿಂಕೆಯ ಬೇಟೆ ಕಾನೂನುಬದ್ಧ. ಆದರೆ ಬಹುಕಾಲ ಅಲ್ಲಿ ಸಾಮಾನ್ಯ ರೈಫಲುಗಳಿಗೆ ಅನುಮತಿ ಇರಲಿಲ್ಲ. ಸಮತಟ್ಟಾದ, ಜನವಸತಿಯ ಪ್ರದೇಶದಲ್ಲಿ ಅವುಗಳ ಗುಂಡು ಬಹಳ ದೂರ ಹೋಗುತ್ತದೆಂಬ ಭಯ. 2014ರಿಂದ ಮಾತ್ರ ಕೆಲವು ನಿರ್ದಿಷ್ಟ ಬಗೆಯ ತೋಟೆಯ ರೈಫಲುಗಳಿಗೆ ಅವಕಾಶ ದೊರೆಯಿತು. ಅಲ್ಲಿಯವರೆಗೆ ಬಹುಮಟ್ಟಿಗೆ ಶಾಟ್‌ಗನ್ ಅಥವಾ ಬಾಯಿಂದ ಮದ್ದು ತುಂಬುವ ಕೋವಿಯೇ ಗತಿ. ಇಂದಿಗೂ ಜನವರಿಯ ಆರಂಭದಲ್ಲಿ ಕೆಲವೇ ದಿನ ಇಂಥ ಕೋವಿಗಳಿಗೆಂದೇ ಬೇಟೆಯ ಕಾಲವನ್ನು ಮೀಸಲಿಡುತ್ತಾರೆ. "ಒಂದೇ ಗುಂಡು. ತಪ್ಪಿದರೆ ಮತ್ತೆ ತುಂಬಿಸಲು ನಿಮಿಷ ಬೇಕು. ಆದ್ದರಿಂದ ಮೊದಲ ಗುಂಡೇ ಸರಿಯಾದ ಜಾಗಕ್ಕೆ ಹೋಗಬೇಕು. ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳುತ್ತಾ ಸಾಯುವಂತೆ ಮಾಡುವವನು ಬೇಟೆಗಾರನಲ್ಲ" ಎಂದರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಬಳಿಕ ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ ಎಂದು ನಂಬಿದವನು ನಾನು. ಆದರೂ ಅವರ ಈ ಮಾತು ನನಗೆ ಹಿಡಿಸಿತು.

ಮರುವಾರ ಗುರಿಯ ಅಭ್ಯಾಸಕ್ಕೆ ಹೊರಟಾಗ ನನ್ನನ್ನೂ ಕರೆದರು. ಅಳಿಯ ಮೊದಲೇ ಎಚ್ಚರಿಸಿದ್ದರು: "ಮಾವ, ನೀವು ಪ್ರವಾಸಿ ವೀಸಾದ ಮೇಲೆ ಬಂದವರು. ಬಂದೂಕನ್ನು ಮಾತ್ರ ಮುಟ್ಟಬೇಡಿ." ಹಾಗಾಗಿ ನನಗೆ ದೊರೆತ ಉದ್ಯೋಗ ಗುಮಾಸ್ತೆಯದು. ಅವರು ಹೊಡೆಯುವುದು, ನಾನು ಬರೆದುಕೊಳ್ಳುವುದು. ಕೈಗೆ ಒಂದು ನೋಟ್‌ಬುಕ್ಕು, ಪೆನ್ಸಿಲು ಕೊಟ್ಟರು. ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಸಂತೋಷ ಬೇರೇನು ಬೇಕು!

ಇಲ್ಲಿ ಸ್ವಲ್ಪ ಪಾಠ ಮಾಡುವುದು ಅನಿವಾರ್ಯ. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು. ತಿರುಗುವ ಬುಗುರಿ ಬೀಳುವುದಿಲ್ಲ, ನಿಂತ ಬುಗುರಿ ಬೀಳುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿ ಮೇಜಿನ ಮೇಲೆ ಬುಗುರಿ ಆಡಿಸಿ ತೋರಿಸಿದ್ದು ನಿಮಗೆ ನೆನಪಿರಬಹುದು. ಗುಂಡೂ ಹಾಗೆಯೇ. ಅದು ತನ್ನ ಅಕ್ಷದ ಮೇಲೆ ವೇಗವಾಗಿ ತಿರುಗುತ್ತಾ ಹೋದರೆ ಮಾತ್ರ ಓಲಾಡದೆ ನೇರವಾಗಿ ಸಾಗುತ್ತದೆ. ಹಾಗೆ ತಿರುಗಿಸಲೆಂದೇ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳನ್ನು ಕೊರೆಯುತ್ತಾರೆ. ಆ ಗೀರುಗಳಿಂದಲೇ ರೈಫಲ್ ಎಂಬ ಹೆಸರು ಬಂದದ್ದು. ಗೀರು ಎಷ್ಟು ಅಂಗುಲಕ್ಕೆ ಒಂದು ಸುತ್ತು ಬರುತ್ತದೆಂಬುದು ಮುಖ್ಯ. ದುಂಡನೆಯ ಸೀಸದ ಗುಂಡಿಗೆ 66 ಅಂಗುಲಕ್ಕೊಂದು ಸುತ್ತಿನ ನಿಧಾನದ ತಿರುವೇ ಸಾಕು. ಉದ್ದನೆಯ ಗುಂಡಿಗಾದರೆ 28 ಅಂಗುಲಕ್ಕೊಂದು ಸುತ್ತಿನ ಬಿರುಸಾದ ತಿರುವು ಬೇಕು. ಗುಂಡು ಉದ್ದವಾದಷ್ಟೂ ತಿರುವು ಬಿರುಸಾಗಬೇಕೆಂಬ ಲೆಕ್ಕವನ್ನು 1879ರಲ್ಲಿಯೇ ಗ್ರೀನ್‌ಹಿಲ್ ಎಂಬ ಇಂಗ್ಲೆಂಡಿನ ಗಣಿತಜ್ಞರು ಸೂತ್ರಕ್ಕೆ ಇಳಿಸಿದ್ದರು. ನಮ್ಮ ಹಿರಿಯರ ಕೋವಿಯದು 28ರ ತಿರುವು. ಗುಂಡು ಸೆಕೆಂಡಿಗೆ 1,700 ಅಡಿ ವೇಗದಲ್ಲಿ ಹೊರಟರೆ ಅದು ಸೆಕೆಂಡಿಗೆ ಎಷ್ಟು ಬಾರಿ ತಿರುಗುತ್ತದೆ? ಅಡಿಯನ್ನು ಅಂಗುಲ ಮಾಡಿ 28ರಿಂದ ಭಾಗಿಸಿ ನೋಡಿ. ಉತ್ತರ ಸುಮಾರು 729 ಬರುತ್ತದೆ. ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದಾಗ ಅವರು ನನ್ನ ಬೆನ್ನು ತಟ್ಟಿದರು.

ಆದರೆ ಬಾಯಿಂದ ತುಂಬುವ ಕೋವಿಗೆ ಹುಟ್ಟಿನಿಂದಲೇ ಒಂದು ಸಂಕಟವಿದೆ. ಗುಂಡು ಬಾಯಿಂದ ತಳದವರೆಗೆ ಇಳಿಯಬೇಕಾದರೆ ಅದು ನಳಿಗೆಗಿಂತ ಸಣ್ಣದಿರಬೇಕು. ಗೀರುಗಳನ್ನು ಕಚ್ಚಿಕೊಂಡು ತಿರುಗಬೇಕಾದರೆ ನಳಿಗೆಗೆ ಬಿಗಿಯಾಗಿರಬೇಕು. ಎರಡೂ ಒಟ್ಟಿಗೆ ಆಗುವುದೆಂತು? ಇನ್ನೂರು ಮುನ್ನೂರು ವರ್ಷಗಳ ಕಾಲ ಜನರು ಇದಕ್ಕೆ ಕಂಡುಕೊಂಡ ಉಪಾಯಗಳೆಲ್ಲವೂ ಗುಂಡಿಗೂ ನಳಿಗೆಗೂ ನಡುವಿನ ಆ ಸಂದನ್ನು ತುಂಬುವ ಉಪಾಯಗಳೇ. ಮೊದಲನೆಯದು ಎಣ್ಣೆಯೋ ಕೊಬ್ಬೋ ಸವರಿದ ಬಟ್ಟೆಯ ತುಣುಕು. ಅರ್ಧ ಅಂಗುಲದ ನಳಿಗೆಗೆ ಅದಕ್ಕಿಂತ ನೂರರಲ್ಲೊಂದು ಅಂಗುಲ ಸಣ್ಣದಾದ ಗುಂಡನ್ನು ಬಟ್ಟೆಯಲ್ಲಿ ಸುತ್ತಿ ಇಳಿಸುತ್ತಾರೆ. ಎರಡನೆಯದು ಫ್ರಾನ್ಸಿನ ಸೇನಾಧಿಕಾರಿ ಮಿನಿಯೇ 1840ರ ದಶಕದ ಕೊನೆಯಲ್ಲಿ ರೂಪಿಸಿದ, ತಳದಲ್ಲಿ ಟೊಳ್ಳಾದ ಗುಂಡು. ಮದ್ದಿನ ಒತ್ತಡಕ್ಕೆ ಅದರ ತಳ ತಾನೇ ಹಿಗ್ಗಿ ಗೀರುಗಳನ್ನು ಹಿಡಿಯುತ್ತದೆ. 1853ರ ಎನ್‌ಫೀಲ್ಡ್ ರೈಫಲು ಆ ಜಾತಿಯದೇ. ಅದರ ಗುಂಡು ಸುಲಭವಾಗಿ ಇಳಿಯಲೆಂದು ಸುತ್ತಿದ ಕಾಗದಕ್ಕೆ ಬಳಿದ ಜಿಡ್ಡೇ 1857ರ ದಂಗೆಗೆ ಕಿಡಿಯಾಯಿತೆಂಬುದನ್ನು ನೀವೆಲ್ಲರೂ ಚರಿತ್ರೆಯಲ್ಲಿ ಓದಿದ್ದೀರಿ. ಗುಂಡು ಮತ್ತು ನಳಿಗೆಯ ನಡುವಿನ ಕೂದಲೆಳೆಯಷ್ಟು ಸಂದು ಒಂದು ಸಾಮ್ರಾಜ್ಯವನ್ನೇ ನಡುಗಿಸಿತು!

ಮೂರನೆಯ ಉಪಾಯವೇ ಈ ಸಾಬೋ. ಫ್ರೆಂಚಿನಲ್ಲಿ ಸಾಬೋ ಎಂದರೆ ರೈತರು ಮೆಟ್ಟುತ್ತಿದ್ದ ಮರದ ಪಾದರಕ್ಷೆ. ನಮ್ಮ ಹಾವುಗೆ ಎಂದುಕೊಳ್ಳಿ. ಸಣ್ಣ ಗುಂಡಿಗೆ ದೊಡ್ಡ ಹಾವುಗೆ ತೊಡಿಸಿ ನಳಿಗೆಗೆ ಇಳಿಸುವುದು. 1985ರಲ್ಲಿ ಟೋನಿ ನೈಟ್ ಎಂಬವರು ಕೇಪನ್ನು ಮದ್ದಿನ ನೇರ ಹಿಂಭಾಗಕ್ಕೆ ತಂದ ಹೊಸ ವಿನ್ಯಾಸದ ಕೋವಿಯನ್ನು ತಯಾರಿಸಿದರು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಡೆಲ್ ರಾಮ್ಸೆ ಎಂಬವರು ಪ್ಲಾಸ್ಟಿಕ್ಕಿನ ಸಾಬೋಗಳನ್ನು ಮಾರುಕಟ್ಟೆಗೆ ತಂದರು. ಎರಡೂ ಕೂಡಿ ಹಳೆಯ ಕೋವಿಗೆ ಹೊಸ ಆಯುಷ್ಯ ಬಂತು. ಪಿಸ್ತೂಲಿಗೆಂದು ಮಾಡಿದ ಉದ್ದನೆಯ ಗುಂಡನ್ನು ಸಾಬೋದಲ್ಲಿ ಕೂರಿಸಿ ಇದರಲ್ಲಿ ಬಳಸಬಹುದು. ಸಾಬೋ ಗೀರುಗಳನ್ನು ಹಿಡಿದು ತಾನೂ ತಿರುಗಿ ಗುಂಡನ್ನೂ ತಿರುಗಿಸುತ್ತದೆ. ನಳಿಗೆಯಿಂದ ಹೊರಬಿದ್ದೊಡನೆ ಅದರ ಎಸಳುಗಳು ಗಾಳಿಗೆ ಅರಳಿ, ಕಳಚಿಕೊಂಡು ನೆಲಕ್ಕೆ ಬೀಳುತ್ತದೆ. ಗುಂಡು ತನ್ನ ದಾರಿ ಹಿಡಿದು ಹೋಗುತ್ತದೆ. ಎಲ್ಲ ಕಡೆಯೂ ಇದಕ್ಕೆ ಮಾನ್ಯತೆಯಿಲ್ಲ. ಕೊಲರಾಡೋ ರಾಜ್ಯದಲ್ಲಿ ಇಂಥ ಕೋವಿಗಳಿಗೆ ಮೀಸಲಾದ ಬೇಟೆಯ ದಿನಗಳಲ್ಲಿ ಸಾಬೋವನ್ನು ನಿಷೇಧಿಸಿದ್ದಾರೆ.

ಇನ್ನು ಅಂದಿನ ಪ್ರಯೋಗಕ್ಕೆ ಬರುತ್ತೇನೆ. ಕೋವಿಯ ನಳಿಗೆ ಅರ್ಧ ಅಂಗುಲದ್ದು, ಅಂದರೆ 12.7 ಮಿಲಿಮೀಟರ್. ಗುಂಡಿನ ವ್ಯಾಸ 0.452 ಅಂಗುಲ, ಅಂದರೆ ಸುಮಾರು 11.5 ಮಿಲಿಮೀಟರ್. ಹಾಗಾದರೆ ಎಸಳಿನ ದಪ್ಪಕ್ಕೆ ಉಳಿದ ಜಾಗ ಒಂದೊಂದು ಪಕ್ಕಕ್ಕೆ 0.6 ಮಿಲಿಮೀಟರ್ ಮಾತ್ರ. ಇದಕ್ಕಿಂತ ತೆಳುವಾದ, 0.430 ಅಂಗುಲದ ಗುಂಡನ್ನು ಆರಿಸಿಕೊಂಡರೆ ದಪ್ಪ ಎಸಳಿನ ಬೇರೆ ಸಾಬೋ ಬೇಕು. ಗುಂಡಿನ ತೂಕ 250 ಗ್ರೇನ್. ನಮ್ಮ ಹಳೆಯ ಒಂದು ತೊಲಕ್ಕೆ 180 ಗ್ರೇನ್ ಎಂಬುದನ್ನು ಬಲ್ಲ ಹಿರಿಯರಿಗೆ ಇದು ಒಂದೂಕಾಲು ತೊಲಕ್ಕೆ ತುಸು ಮಿಕ್ಕಿದ್ದು ಎಂದು ತಿಳಿಯುತ್ತದೆ. ಮದ್ದು, ಗುಂಡು, ಕೇಪು ಯಾವುದನ್ನೂ ಬದಲಿಸದೆ ಸಾಬೋ ಒಂದನ್ನೇ ಬದಲಿಸಿ ನೋಡುವುದು ಅವರ ಕ್ರಮ. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಬೇಕೆಂದು ನಾನು ಪ್ರಯೋಗಶಾಲೆಯಲ್ಲಿ ಗಂಟಲು ಹರಿಯುವಂತೆ ಹೇಳುತ್ತಿದ್ದೆನಲ್ಲ, ಅದೇ.

ಮದ್ದು ಹೆಸರಾಂತ ಕಂಪನಿಯೊಂದರ ಕರಿಮದ್ದಿನ ಬದಲಿ ಪುಡಿ. ಅದನ್ನು ತಕ್ಕಡಿಯಲ್ಲಿ ತೂಗುವುದಿಲ್ಲ, ಅಳತೆಯ ಕೊಳವೆಯಲ್ಲಿ ಅಳೆಯುತ್ತಾರೆ. ಕೋವಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಮಿತಿಯನ್ನು ಮೀರುವುದಿಲ್ಲ. ತೋಟೆಯಲ್ಲಿ ಬಳಸುವ ಹೊಗೆಯಿಲ್ಲದ ಮದ್ದನ್ನು ಇದಕ್ಕೆ ಹಾಕಿದರೆ ನಳಿಗೆಯೇ ಸಿಡಿಯುತ್ತದೆಂದು ಎರಡೆರಡು ಬಾರಿ ಹೇಳಿದರು. ಮೇಜಿನ ಮೇಲೆ ಮರಳಿನ ಚೀಲ. ಅದರ ಮೇಲೆ ಕೋವಿ. 100 ಗಜ ದೂರದಲ್ಲಿ ಕಾಗದದ ಗುರಿ. ಪ್ರತಿಯೊಂದು ಗುಂಡಿನ ನಂತರವೂ ಒದ್ದೆ ಬಟ್ಟೆಯಿಂದ ಒಮ್ಮೆ, ಒಣಬಟ್ಟೆಯಿಂದ ಒಮ್ಮೆ ನಳಿಗೆಯನ್ನು ಒರೆಸುತ್ತಿದ್ದರು. ಮಸಿ ಕಟ್ಟಿದರೆ ಎರಡನೆಯ ಸಾಬೋ ಮೊದಲನೆಯದರಷ್ಟು ಸರಾಗವಾಗಿ ಇಳಿಯುವುದಿಲ್ಲ. ಬಿಗಿ ಬದಲಾದರೆ ಗುರಿಯೂ ಬದಲಾಗುತ್ತದೆ. ಒರೆಸಿದ ಮೇಲೆ ಐದು ನಿಮಿಷ ಸುಮ್ಮನೆ ಕೂರುವುದು. ಬಿಸಿ ನಳಿಗೆಯಲ್ಲಿ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ, ಕೊರೆಯುವ ಚಳಿಯಲ್ಲಿ ಬಿರುಸಾಗುತ್ತದೆ. ಆದ್ದರಿಂದ ಬೇಸಗೆಯಲ್ಲಿ ಆರಿಸಿದ ಸಾಬೋವನ್ನು ಜನವರಿಯ ಹಿಮದಲ್ಲಿ ನಂಬಬಾರದಂತೆ. ಬೇಟೆಯ ದಿನದಂಥದೇ ಚಳಿಯ ದಿನದಂದು ಪರೀಕ್ಷಿಸಬೇಕು. ಅಂದು ಚಳಿ ಹಾಗೆಯೇ ಇತ್ತು; ನಾನು ಮೂರು ಸ್ವೆಟರಿನೊಳಗೆ ನಡುಗುತ್ತಿದ್ದೆ.

ಮೊದಲನೆಯ ಸಾಬೋ ಬಹಳ ಬಿಗಿ. ಎರಡೂ ಕೈಯಿಂದ ಮೈಭಾರ ಹಾಕಿ ಜಡಿದರೂ ಅದು ತಡೆತಡೆದು ಇಳಿಯಿತು. ಮೂರು ಗುಂಡುಗಳು ಸುಮಾರು ಮೂರು ಅಂಗುಲಗಳಷ್ಟು ಹರಡಿದವು. ಮೈದಾನದಲ್ಲಿ ಆ ಹೊತ್ತಿನ ಗುಂಡಿನ ಸದ್ದು ನಿಂತು, ಎಲ್ಲರೂ ಕೋವಿಗಳನ್ನು ಬರಿದು ಮಾಡಿಟ್ಟ ಮೇಲೆ, ನಾವು ಮುಂದೆ ನಡೆದು ಹುಲ್ಲಿನಲ್ಲಿ ಬಿದ್ದ ಸಾಬೋಗಳನ್ನು ಹುಡುಕಿದೆವು. ಹತ್ತು ಹದಿನೈದು ಗಜದೊಳಗೇ ಸಿಕ್ಕವು. "ಗುರಿಯ ಕಾಗದ ಏನಾಯಿತೆಂದು ಹೇಳುತ್ತದೆ, ಸಾಬೋ ಏಕೆ ಆಯಿತೆಂದು ಹೇಳುತ್ತದೆ" ಎಂದರು. ಒಂದರ ಎಸಳು ಹರಿದುಹೋಗಿತ್ತು. ಎಸಳುಗಳು ನಾಲ್ಕೂ ಸಮನಾಗಿ ಅರಳಿದ್ದರೆ ಗುಂಡು ನೇರವಾಗಿ ಬಿಡುಗಡೆಯಾಗಿದೆ ಎಂದರ್ಥ; ಒಂದು ಹರಿದು ಮೂರು ಉಳಿದಿದ್ದರೆ ಅದು ಬಿಡುವಾಗ ಗುಂಡನ್ನು ಒಂದು ಕಡೆಗೆ ತಳ್ಳಿದೆ ಎಂದರ್ಥ. ತಳದ ಬಟ್ಟಲು ಕರಗಿದ್ದರೆ, ಸೀಳಿದ್ದರೆ, ಮದ್ದು ಹೆಚ್ಚಾಗಿ ಅನಿಲ ಪಕ್ಕದಿಂದ ನುಗ್ಗಿದೆ ಎಂದರ್ಥ. ಆಗ ಮದ್ದನ್ನು ಕಡಿಮೆ ಮಾಡಬೇಕು, ಇಲ್ಲವೇ ನಡುವೆ ಒಂದು ಬೆಣೆ ಇಡಬೇಕು. ಉತ್ತರಪತ್ರಿಕೆ ತಿದ್ದುವಂತೆ ಒಂದೊಂದನ್ನೂ ಕನ್ನಡಕದ ಬಳಿ ಹಿಡಿದು ನೋಡುತ್ತಿದ್ದರು. ನಾನು ಬರೆದುಕೊಂಡೆ.

ಎರಡನೆಯದು ಬೇರೆ ಅಚ್ಚಿನದು. ಕಣ್ಣಿಗೆ ಎರಡೂ ಒಂದೇ. ಅಂಗುಲದ ಸಾವಿರದಲ್ಲಿ ಎರಡು ಮೂರು ಪಾಲಿನ ವ್ಯತ್ಯಾಸ. ಇದು ಬೆರಳಿನಿಂದ ತಳ್ಳಿದರೆ ಸಾಕು ಎನ್ನುವಂತೆ ಸಲೀಸಾಗಿ ಇಳಿಯಿತು. "ಎಷ್ಟು ಸುಲಭ!" ಎಂದು ನಾನು ಮೆಚ್ಚಿದೆ. ಅವರು ಮೆಚ್ಚಲಿಲ್ಲ. ಆದರೂ ಪರೀಕ್ಷೆಗೆಂದು ಮೂರು ಗುಂಡು ಹೊಡೆದರು. ಆರು ಅಂಗುಲಗಳಿಗೂ ಹೆಚ್ಚು ಹರಡಿದವು. ಗುರಿಗಿಂತಲೂ ಅವರ ಚಿಂತೆ ಬೇರೆಯಾಗಿತ್ತು. ಜಡಿಯುವ ಕೋಲನ್ನು, ನಮ್ಮ ಕಡೆಯ ಮಾತಿನಲ್ಲಿ ಗಜವನ್ನು, ತೋರಿಸಿದರು. ಅದರ ಮೇಲೆ ಎರಡು ಗೆರೆಗಳಿದ್ದವು. ನಳಿಗೆ ಬರಿದಾಗಿದ್ದಾಗ ಗಜ ಎಷ್ಟು ಇಳಿಯುತ್ತದೆಂಬುದಕ್ಕೆ ಒಂದು. ಮದ್ದು ಗುಂಡು ತುಂಬಿ ಸರಿಯಾಗಿ ಕುಳಿತಾಗ ಎಷ್ಟು ಇಳಿಯುತ್ತದೆಂಬುದಕ್ಕೆ ಇನ್ನೊಂದು. "ಈ ಸಡಿಲ ಸಾಬೋ ತುಂಬಿದ ಕೋವಿಯನ್ನು ಬಾಯಿ ಕೆಳಗಾಗಿ ಹೆಗಲಿಗೆ ಹಾಕಿಕೊಂಡು ಕಾಡಿನಲ್ಲಿ ಒಂದು ಮೈಲಿ ನಡೆಯಿರಿ. ಗುಂಡು ಮದ್ದನ್ನು ಬಿಟ್ಟು ನಳಿಗೆಯಲ್ಲಿ ಜಾರುತ್ತದೆ. ಮದ್ದು ಒಂದು ಕಡೆ, ಗುಂಡು ಒಂದು ಕಡೆ, ನಡುವೆ ಬರಿಯ ಗಾಳಿ. ಆಗ ಅದು ಗುಂಡಲ್ಲ ಟೀಚರ್, ನಳಿಗೆಗೆ ಜಡಿದ ಬಿರಡೆ. ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಎಡಗೈ ಇರುವುದು ಅಲ್ಲಿಯೇ."

ನನ್ನ ಕೈಯ ಪೆನ್ಸಿಲು ನಿಂತಿತು. ಅದುವರೆಗೆ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿದ್ದ ನನ್ನ ಅಕ್ಷರ ಅಲ್ಲಿಂದ ಮುಂದಕ್ಕೆ ಕೆಟ್ಟಿದೆ.

ನಮ್ಮ ಮನೆಯ ಹಿರಿಯರಿಗೆ ಅಪ್ಪಯ್ಯನ ಎಡಗೈ ನೆನಪಿರಬಹುದು. ಉಂಗುರದ ಬೆರಳೂ ಕಿರುಬೆರಳೂ ಇರಲಿಲ್ಲ. ಕಿರಿಯರು ಅವರನ್ನು ಭಾವಚಿತ್ರದಲ್ಲಿ ಮಾತ್ರ ಕಂಡವರು. ಆ ಚಿತ್ರದಲ್ಲಿಯೂ ಅವರು ಎಡಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದಾರೆ. ಅದು 1958ರ ಕಾರ್ತಿಕ ಮಾಸ; ನನಗೆ ಹನ್ನೊಂದು ವರ್ಷ. ಭತ್ತ ತೆನೆ ತುಂಬಿ ನಿಂತಿತ್ತು. ರಾತ್ರಿಯಾದರೆ ಹಂದಿಗಳ ಕಾಟ. ಅಪ್ಪಯ್ಯ ಕೇಪಿನ ಕೋವಿಯನ್ನು ಹೆಗಲಿಗೇರಿಸಿ ಗದ್ದೆಯ ಮಾಳದಲ್ಲಿ ಕಾವಲು ಮಲಗುತ್ತಿದ್ದರು. ಆ ಕೋವಿಗೆ ಗೀರುಗಳಿರಲಿಲ್ಲ, ಒಳಮೈ ನುಣುಪು. ಮದ್ದು ಸುರಿದು, ಅದರ ಮೇಲೆ ತೆಂಗಿನ ಕತ್ತದ ಉಂಡೆ ಜಡಿದು, ಹಂದಿಗಾದರೆ ಒಂಟಿ ಗುಂಡು ಹಾಕಿ, ಗುಂಡಿನ ಮೇಲೆ ಮತ್ತೊಂದು ಕತ್ತದ ಉಂಡೆ ಜಡಿಯಬೇಕು. ಮೇಲಿನ ಕತ್ತವೇ ಗುಂಡು ಜಾರದಂತೆ ಹಿಡಿಯುವುದು. ಆ ವರ್ಷ ಮೊದಲ ಬಾರಿಗೆ ಅಪ್ಪಯ್ಯ ನನಗೆ ಕೋವಿ ತುಂಬಿಸಲು ಕಲಿಸಿದ್ದರು. ಊರಿನ ಹುಡುಗರಲ್ಲಿ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಅಂದು ಸಂಜೆ ಅವರು ಕೊಟ್ಟಿಗೆಯಲ್ಲಿದ್ದರು. ಕೋವಿ ತುಂಬಿಸಿಡಲು ನನಗೆ ಹೇಳಿದರು. ಮದ್ದನ್ನು ಅವರೇ ಅಳೆದು ಕೊಟ್ಟಿದ್ದರು. ನಾನು ಮದ್ದು ಸುರಿದೆ, ಕತ್ತ ಜಡಿದೆ, ಗುಂಡು ಹಾಕಿದೆ. ಮೇಲಿನ ಉಂಡೆಗೆ ಕತ್ತ ಸಾಲದಾಯಿತು. ಅಟ್ಟ ಹತ್ತಿ ತರಬೇಕು. ಅಟ್ಟದಲ್ಲಿ ಕತ್ತಲೆ, ಅಲ್ಲಿ ಹಾವು ಕಂಡದ್ದು ಹಿಂದಿನ ವಾರವಷ್ಟೇ. ಹೆದರಿಕೆ ಎಂದು ಹೇಳಲು ನಾಚಿಕೆ. ಗಜದಿಂದ ಗುಂಡನ್ನು ಎರಡು ಬಾರಿ ಕುಟ್ಟಿ, ಕೋವಿಯನ್ನು ಗೋಡೆಗೆ ಒರಗಿಸಿ, "ಆಯಿತಪ್ಪಯ್ಯಾ" ಎಂದೆ. ಅಂದು ತುಂತುರು ಹನಿಯುತ್ತಿತ್ತು. ನೀರು ಹೋಗದಿರಲೆಂದು ಅವರು ಕೋವಿಯನ್ನು ಬಾಯಿ ಕೆಳಗಾಗಿ ಹೆಗಲಿಗೆ ಹಾಕಿಕೊಂಡು ಹೊರಟರು. ನಡುರಾತ್ರಿ ಗದ್ದೆಯ ಕಡೆಯಿಂದ ಬಂದ ಶಬ್ದ ಎಂದಿನಂತಿರಲಿಲ್ಲ. ಲಾಟೀನು ಹಿಡಿದು ಜನ ಓಡಿದರು. ನಳಿಗೆ ಬಾಳೆಯ ಹೂವಿನಂತೆ ಸೀಳಿತ್ತು. ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಬೆಳಗಾಯಿತು. ಜೀವ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ.

ಬೆರಳು ಹೋದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಿತ್ತು. ಅಪ್ಪಯ್ಯ ಮದ್ದಳೆಗಾರರು. ಮಳೆಗಾಲದಲ್ಲಿ ನಮ್ಮ ಜಗುಲಿಯಲ್ಲಿ ತಾಳಮದ್ದಳೆಯಾದರೆ ಸುತ್ತಿನ ನಾಲ್ಕು ಹಳ್ಳಿಯ ಜನ ಬರುತ್ತಿದ್ದುದು ಅವರ ಮದ್ದಳೆಯನ್ನು ಕೇಳಲು. ಆ ಬಳಿಕ ಮದ್ದಳೆ ಗೋಡೆಯ ಗೂಟದಲ್ಲಿಯೇ ಉಳಿಯಿತು. ಪ್ರತಿ ವರ್ಷ ನವರಾತ್ರಿಯಲ್ಲಿ ಅದನ್ನು ಇಳಿಸಿ, ಒರೆಸಿ, ಪೂಜೆ ಮಾಡಿ, ಮತ್ತೆ ತೂಗುಹಾಕುತ್ತಿದ್ದರು. ಬಾರಿಸಿದ್ದನ್ನು ನಾನು ಮತ್ತೆ ಕೇಳಲಿಲ್ಲ.

"ಹಳೆಯ ನಳಿಗೆ, ಒಳಗೆ ತುಕ್ಕು ತಿಂದಿತ್ತು" ಎಂದು ಅವರು ಎಲ್ಲರಿಗೂ ಹೇಳಿದರು. ಊರೂ ಹಾಗೆಯೇ ನಂಬಿತು. ನಾನೂ ಹಾಗೆಯೇ ನಂಬಲು ಹೆಣಗಿದೆ. ಮೇಲಿನ ಕತ್ತವಿಲ್ಲದಿದ್ದರೆ ಹೆಚ್ಚೆಂದರೆ ಗುಂಡು ಕೆಳಗೆ ಉದುರಿ ಹೋಗಬಹುದು, ಅದಕ್ಕೂ ನಳಿಗೆ ಸಿಡಿಯುವುದಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದೆ ಭೌತಶಾಸ್ತ್ರ ಓದಿದೆ, ಮೂವತ್ತೈದು ವರ್ಷ ಅದನ್ನೇ ಕಲಿಸಿದೆ. ಅನಿಲದ ಒತ್ತಡವನ್ನು ಎಷ್ಟು ಬಾರಿ ಕರಿಹಲಗೆಯ ಮೇಲೆ ಬರೆದೆನೋ! ಆದರೆ ಆ ಒಂದು ನಳಿಗೆಯೊಳಗೆ ಏನಾಯಿತೆಂದು ಲೆಕ್ಕ ಹಾಕಲು ಮಾತ್ರ ಎಂದೂ ಕೂರಲಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಾಗಬಾರದೆಂದು. ಅದನ್ನು ಒಹಾಯೊದ ಮರಳಿನ ಚೀಲದ ಪಕ್ಕದಲ್ಲಿ ಬೇರೊಬ್ಬ ಮೇಷ್ಟರು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದರು.

ಇನ್ನೊಂದು ಸಂಗತಿ ಅಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಹೊಳೆಯಿತು. ಆ ಘಟನೆಯ ಬಳಿಕ ಅಪ್ಪಯ್ಯನಿಗೆ ಒಂದು ಮಾತು ರೂಢಿಯಾಗಿತ್ತು. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೊರಟಾಗ, ಮೊದಲ ಬಾರಿ ಕೆಲಸಕ್ಕೆ ಸೇರಲು ಟ್ರಂಕು ಕಟ್ಟಿದಾಗ, ಮದುವೆಯ ಸಿದ್ಧತೆ ಮಾಡುವಾಗ, ಎಲ್ಲ ಮುಗಿಸಿ ನಿಂತವನನ್ನು ಒಮ್ಮೆ ನೋಡಿ ಮೆಲ್ಲನೆ ಕೇಳುತ್ತಿದ್ದರು: "ಮೇಲೆ ಕತ್ತ ಹಾಕಿದ್ಯೇನೋ?" ಎಲ್ಲವೂ ಸರಿಯಾಗಿದೆಯೇ ಎಂಬುದಕ್ಕೆ ಅವರದೊಂದು ಹಳ್ಳಿಯ ನುಡಿಗಟ್ಟು ಎಂದೇ ಮನೆಮಂದಿಯೆಲ್ಲ ಭಾವಿಸಿದ್ದರು. ಈಗಲೂ ನಮ್ಮ ಮನೆಯ ಮಕ್ಕಳು ಅರ್ಥ ತಿಳಿಯದೆ ಅದನ್ನು ಹೇಳುವುದುಂಟು. ಅವರು ಅದನ್ನು ನನಗೆ ಮಾತ್ರ ಕೇಳುತ್ತಿದ್ದರು, ತಮ್ಮಂದಿರಿಗೆ ಕೇಳುತ್ತಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ. ಅಪ್ಪಯ್ಯನಿಗೆ ಗೊತ್ತಿತ್ತು. ಬೆಳಗ್ಗೆಯೇ ಗೊತ್ತಾಗಿರಬೇಕು. 1989ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತೊಂದು ವರ್ಷ ಅವರು ನಾನು ಹೇಳಲೆಂದು ಕಾದರೋ, ಹೇಳುವುದು ಬೇಡವೆಂದು ಕಾಪಾಡಿದರೋ ತಿಳಿಯದು.

ಎರಡು ದಿನ ಬಿಟ್ಟು ಮತ್ತೆ ಮೈದಾನಕ್ಕೆ ಹೋದಾಗ ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಮದ್ದಳೆ ಎಂದರೇನೆಂದು ವಿವರಿಸುವುದೇ ಕಷ್ಟವಾಯಿತು. ಅವರು ಸಮಾಧಾನದ ಮಾತನ್ನು ಆಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೊಂದು ವರ್ಷದ ಹುಡುಗನ ಕೆಲಸವನ್ನು ಹಿರಿಯನು ಗಜ ಹಾಕಿ ಒಮ್ಮೆ ನೋಡಬೇಕಿತ್ತು. ನನ್ನ ವರ್ಕ್‌ಶಾಪಿನಲ್ಲಿ ಗರಗಸದ ಮುಂದೆ ಮಕ್ಕಳು ನಿಂತಾಗಲೆಲ್ಲ ನನಗೆ ಇದೇ ಭಯ" ಎಂದರು. ಆಮೇಲೆ ಮೂರನೆಯ ಬಗೆಯ ಸಾಬೋವನ್ನು ತೆಗೆದರು.

ಅದು ಒಂದೇ ಹದದ ಒತ್ತಡದಲ್ಲಿ, ತಡೆಯಿಲ್ಲದೆ, ಜಾರದೆ, ಬಾಯಿಂದ ತಳದವರೆಗೆ ಇಳಿಯಿತು. ಗಜದ ಗೆರೆ ಸರಿಯಾಗಿ ನಳಿಗೆಯ ಬಾಯಿಗೆ ಬಂದು ನಿಂತಿತು. ಅವರು ಗಜವನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ನೋಡಿ, ಟೀಚರ್" ಎಂದರು. ನಾನು ಬಗ್ಗಿ ಗೆರೆಯನ್ನು ನೋಡಿದೆ. ಪ್ರತಿ ಗುಂಡಿಗೂ ಹಾಗೆಯೇ ನನಗೆ ತೋರಿಸಿದ ಮೇಲೆಯೇ ಕೇಪು ಇಟ್ಟರು. ಮೂರು ಗುಂಡುಗಳು ಒಂದೂವರೆ ಅಂಗುಲದೊಳಗೆ ಕೂಡಿ ಬಿದ್ದವು. ಹುಲ್ಲಿನಲ್ಲಿ ಸಿಕ್ಕ ಸಾಬೋಗಳ ನಾಲ್ಕು ಎಸಳುಗಳೂ ದಾಸವಾಳದಂತೆ ಸಮನಾಗಿ ಅರಳಿದ್ದವು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಅಡ್ಡಗೆರೆ ಎಳೆದೆ.

ಜನವರಿಯಲ್ಲಿ ಅವರು ಬೇಟೆಗೆ ಹೋಗಿ ಬಂದರು. ಒಮ್ಮೆ ಜಿಂಕೆ ಕಂಡಿತಂತೆ. ತಾನು ಪರೀಕ್ಷಿಸಿದ ದೂರಕ್ಕಿಂತ ಆಚೆಗಿತ್ತೆಂದು ಗುಂಡು ಹಾರಿಸಲಿಲ್ಲವಂತೆ. ಅವರ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ನಾವು ಹೊರಡುವ ದಿನ ಅವರು ಒಂದು ಸಾಬೋವನ್ನು ನನ್ನ ಕೈಯಲ್ಲಿಟ್ಟರು. ಬಳಸಿದ್ದನ್ನು ಒಯ್ದರೆ ಮದ್ದಿನ ಅಂಶಕ್ಕೆ ವಿಮಾನ ನಿಲ್ದಾಣದಲ್ಲಿ ತೊಂದರೆಯಾದೀತೆಂದು ಅಳಿಯ ಹೇಳಿದ್ದರಿಂದ ಹೊಸದನ್ನೇ ಕೊಡಿ ಎಂದಿದ್ದೆ. ಸರಿಯಾಗಿ ಕುಳಿತ ಮೂರನೆಯ ಬಗೆಯದನ್ನು ಅವರು ಕೊಡಲು ಬಂದರು. ನಾನು ಎರಡನೆಯದನ್ನು ಕೇಳಿ ಪಡೆದೆ, ಸಲೀಸಾಗಿ ಇಳಿದದ್ದನ್ನು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವತಃ ಉಪಾಧ್ಯಾಯರು, ಎಂಜಿನಿಯರುಗಳು, ವೈದ್ಯರು, ತಂದೆತಾಯಿಯರು. ನಿಮ್ಮ ಕೈಕೆಳಗೆ ಹನ್ನೊಂದು ವರ್ಷದವರೋ ಇಪ್ಪತ್ತೊಂದು ವರ್ಷದವರೋ ಕೆಲಸ ಕಲಿಯುತ್ತಿರುತ್ತಾರೆ. "ಆಯಿತು ಸರ್" ಎಂದು ಅವರು ಹೇಳಿದಾಗ ಗಜ ಹಾಕಿ ಗೆರೆಯನ್ನು ಒಮ್ಮೆ ನೋಡಿ. ಅದು ಅಪನಂಬಿಕೆಯಲ್ಲ, ಅವರನ್ನು ಕಾಪಾಡುವ ಬಗೆ. ಅವರು ಹೆದರಿ ಯಾವುದಾದರೂ ಒಂದನ್ನು ಮುಚ್ಚಿಟ್ಟಿದ್ದಾರೆಂದು ತಿಳಿದರೆ, ನುಡಿಗಟ್ಟಿನಲ್ಲಿ ಕೇಳಬೇಡಿ. ಎದುರಿಗೆ ಕೂರಿಸಿಕೊಂಡು ನೇರವಾಗಿ ಕೇಳಿ. ಹಾಗೆ ಕೇಳಿದ್ದರೆ ನಾನು ಅಂದೇ ಹೇಳಿಬಿಡುತ್ತಿದ್ದೆನೋ ಏನೋ.

ತಮ್ಮಂದಿರೇ, ಇದನ್ನು ಓದುವಾಗ ನಿಮಗೆ ನನ್ನ ಮೇಲೆ ಸಿಟ್ಟು ಬಂದರೆ ಅದು ನ್ಯಾಯವೇ. ಅಪ್ಪಯ್ಯನ ಮದ್ದಳೆ ನನ್ನಲ್ಲಿಯೇ ಇದೆ. ಮುಂದಿನ ನವರಾತ್ರಿಗೆ ಎಲ್ಲರ ಮಕ್ಕಳು ಮೊಮ್ಮಕ್ಕಳೂ ಬನ್ನಿ. ಹೊಸದಾಗಿ ಮುಚ್ಚಿಗೆ ಹಾಕಿಸಲು ಕೊಟ್ಟಿದ್ದೇನೆ. ಬಾರಿಸಬಲ್ಲವರು ಯಾರಾದರೂ ಬಾರಿಸಲಿ.